ಮೂಲೆಯಲ್ಲಿ ಕೂತ ಒಂಟೆ

1972ರ ಜುಲೈ 27ರಂದು ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಎಂಟನೆಯ ಆಟ ಶುರುವಾಯಿತು. ಬಿಳಿ ಕಾಯಿಗಳ ಕಡೆ ಅಮೆರಿಕದ ಬಾಬಿ ಫಿಷರ್, ಕಪ್ಪು ಕಾಯಿಗಳ ಕಡೆ ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ. ಫಿಷರ್ ಸಿ ಸಾಲಿನ ಕಾಲಾಳನ್ನು ಎರಡು ಮನೆ ಮುಂದಿಟ್ಟರು. ಸ್ಪಾಸ್ಕಿ ಕೂಡ ಸಿ ಸಾಲಿನ ಕಾಲಾಳನ್ನೇ ಎರಡು ಮನೆ ಮುಂದಿಟ್ಟರು. ಇವರು ಒಂದು ಕುದುರೆ ತಂದರೆ ಅವರೂ ಅದೇ ಕುದುರೆ ತಂದರು. ಇವರು ಇನ್ನೊಂದು ತಂದರು, ಅವರೂ ತಂದರು. ಫಿಷರ್ ಜಿ ಸಾಲಿನ ಕಾಲಾಳನ್ನು ಒಂದೇ ಒಂದು ಮನೆ ಸರಿಸಿದರು, ಸ್ಪಾಸ್ಕಿ ಹಾಗೆಯೇ ಮಾಡಿದರು. ಆ ಕಾಲಾಳು ಬಿಟ್ಟುಹೋದ ಜಾಗಕ್ಕೆ ಇಬ್ಬರ ಒಂಟೆಗಳೂ ಬಂದು ಕೂತವು. ಇಬ್ಬರೂ ಕ್ಯಾಸಲಿಂಗ್ ಮಾಡಿ ರಾಜನನ್ನು ಭದ್ರಪಡಿಸಿದರು. ಆರು ನಡೆ ಮುಗಿದಾಗ ಹಲಗೆಯ ನಡುವೆ ಕನ್ನಡಿ ಹಿಡಿದಂತಿತ್ತು.

ಚೆಸ್ ಪುಸ್ತಕಗಳಲ್ಲಿ ಇದರ ಹೆಸರು ಸಿಮೆಟ್ರಿಕಲ್ ಇಂಗ್ಲಿಷ್. ಹಲಗೆಯ ನಡುಭಾಗಕ್ಕೆ ನೇರವಾಗಿ ನುಗ್ಗದೆ ಪಕ್ಕದಿಂದ ಹೊರಡುವ, ಎರಡೂ ಕಡೆ ಒಂದೇ ಆಕಾರ ತಳೆಯುವ ಆರಂಭ ಇದು. ಇದಕ್ಕೆ 'ಇಂಗ್ಲಿಷ್' ಎಂಬ ಹೆಸರು ಬಂದ ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಮೂಲೆಗೆ ಬಂದು ಕೂತ ಆ ಒಂಟೆಗೆ ಬೇರೆಯೇ ಊರಿದೆ. ಆ ಊರಿನ ದಾರಿ ಹಿಡಿದು ಹೊರಟರೆ ಕಲ್ಕತ್ತೆ, ಕಲ್ಯಾಣ, ಮೈಸೂರು, ಪಂಜಾಬಿನ ಒಂದು ಹಳ್ಳಿ, ಕೊನೆಗೆ ನಾವು ಬಾಡಿಗೆಗಿರುವ ಮಾನೇಸರ್ ಕೂಡ ಸಿಗುತ್ತವೆ.

ಹೆಸರು ಇಂಗ್ಲಿಷ್

ಮೊದಲು ಹೆಸರಿನ ಕಥೆ. 1843ರಲ್ಲಿ ಪ್ಯಾರಿಸ್‌ನಲ್ಲಿ ಇಂಗ್ಲೆಂಡಿನ ಹೋವರ್ಡ್ ಸ್ಟಾಂಟನ್ ಮತ್ತು ಫ್ರಾನ್ಸಿನ ಸೇಂಟ್ ಅಮಾಂ ನಡುವೆ ದೊಡ್ಡ ಪಂದ್ಯ ನಡೆಯಿತು. ಆ ಕಾಲದ ಯೂರೋಪಿನಲ್ಲಿ ರಾಜನ ಮುಂದಿನ ಕಾಲಾಳನ್ನೋ ಮಂತ್ರಿಯ ಮುಂದಿನ ಕಾಲಾಳನ್ನೋ ಎರಡು ಮನೆ ನುಗ್ಗಿಸಿ, ನಡುಹಲಗೆಯನ್ನು ಹಿಡಿದು, ಬೇಗನೆ ದಾಳಿಗಿಳಿಯುವುದು ಗಂಡಸುತನದ ಆಟ ಎನಿಸಿಕೊಳ್ಳುತ್ತಿತ್ತು. ಸ್ಟಾಂಟನ್ ಆ ಪಂದ್ಯದ ಹಲವು ಆಟಗಳಲ್ಲಿ ಸಿ ಸಾಲಿನಿಂದ ಹೊರಟರು. ಪಂದ್ಯವನ್ನೂ ಗೆದ್ದರು. ಇಂಗ್ಲಿಷಿನವನು ಆಡಿದ್ದರಿಂದ ಅದು ಇಂಗ್ಲಿಷ್ ಓಪನಿಂಗ್ ಆಯಿತು.

ಈ ಕಥೆಗೆ ಇನ್ನೊಬ್ಬ ಪಾತ್ರಧಾರಿಯೂ ಇದ್ದಾರೆ. 1841ರಿಂದ 1843ರವರೆಗೆ ಲಂಡನ್‌ನಲ್ಲಿ ಸ್ಟಾಂಟನ್ ಎದುರು ಕೂತು ನೂರಾರು ಆಟ ಆಡಿದವರು ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ಬ್ಯಾರಿಸ್ಟರ್. ಅವರು ಕಲ್ಕತ್ತೆಯಲ್ಲಿ ವಕೀಲಿ ಮಾಡುತ್ತಿದ್ದರು, ರಜೆಯ ಮೇಲೆ ಊರಿಗೆ ಹೋಗಿದ್ದರು. ರಜೆ ಮುಗಿಸಿ ಕಲ್ಕತ್ತೆಗೆ ಮರಳಿದ ಮೇಲೆ ಅವರ ಎದುರಿಗೆ ಕೂತ ಆಟಗಾರನ ಬಗ್ಗೆ ಹೇಳುವ ಮೊದಲು, ನಮ್ಮ ಜಗಲಿಯ ಚದುರಂಗಕ್ಕೂ ಅವರ ಕ್ಲಬ್ಬಿನ ಚೆಸ್‌ಗೂ ಏನು ವ್ಯತ್ಯಾಸ ಎಂಬುದನ್ನು ನೋಡಬೇಕು.

ಒಂದೇ ಮನೆಯ ಕಾಲಾಳು

ಯೂರೋಪಿನ ನಿಯಮದಲ್ಲಿ ಕಾಲಾಳು ತನ್ನ ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದು. ಮಧ್ಯಯುಗದ ಕೊನೆಗೆ ಅಲ್ಲಿ ಆಟವನ್ನು ಚುರುಕುಗೊಳಿಸಲು ಮಾಡಿಕೊಂಡ ಬದಲಾವಣೆಗಳ ಪೈಕಿ ಇದೂ ಒಂದು. ಭಾರತದ ಬಹುಭಾಗದಲ್ಲಿ ಕಾಲಾಳು ಹಳೆಯ ಹಾಗೆ ಒಂದೊಂದೇ ಮನೆ ನಡೆಯುತ್ತಿತ್ತು. ಕ್ಯಾಸಲಿಂಗ್ ಎಂಬುದು ಇರಲಿಲ್ಲ, ಅದರ ಬದಲು ಒಮ್ಮೆಯೂ ಚೆಕ್ ಬೀಳದ ರಾಜ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದಿತ್ತು. ಕೊನೆಯ ಸಾಲು ಮುಟ್ಟಿದ ಕಾಲಾಳು ಬೇಕಾದ ಕಾಯಿ ಆಗುತ್ತಿರಲಿಲ್ಲ, ಅದು ಮುಟ್ಟಿದ ಮನೆ ಯಾವ ಕಾಯಿಯದೋ ಆ ಕಾಯಿಯಾಗಿ ಏಳುತ್ತಿತ್ತು. ಊರಿಂದೂರಿಗೆ ಸಣ್ಣಪುಟ್ಟ ಭೇದಗಳಿದ್ದವು, ಆದರೂ ಕಾಲಾಳಿನ ನಿಧಾನ ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ.

ಈ ಒಂದು ನಿಯಮದಿಂದ ಆಟದ ಇಡೀ ಲೆಕ್ಕಾಚಾರ ಬದಲಾಗುತ್ತದೆ. ಯೂರೋಪಿನ ಆಟಗಾರ ನಡುಹಲಗೆ ಹಿಡಿಯಲು ಒಂದು ನಡೆ ಖರ್ಚು ಮಾಡಿದರೆ ಸಾಕು. ನಮ್ಮ ಆಟಗಾರ ಅದೇ ಜಾಗಕ್ಕೆ ಹೋಗಲು ಎರಡು ನಡೆ ಕೊಡಬೇಕು. ಆದರೆ ಜಿ ಸಾಲಿನ ಕಾಲಾಳನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಕೂರಿಸಲು ಇಬ್ಬರಿಗೂ ತಗಲುವುದು ಅಷ್ಟೇ ನಡೆ. ಅಂದರೆ ನಮ್ಮ ಚದುರಂಗದಲ್ಲಿ ನಡುಮನೆಯ ಬೆಲೆ ದುಪ್ಪಟ್ಟು, ಮೂಲೆಯ ಬೆಲೆ ಹಳೆಯದೇ. ಅಂಥ ಮಾರುಕಟ್ಟೆಯಲ್ಲಿ ಜಾಣನಾದವನು ಏನು ಕೊಳ್ಳುತ್ತಾನೆ? ಮೂಲೆಯನ್ನೇ. ಎದುರಾಳಿಯ ಸೈನ್ಯ ಮುಖಾಮುಖಿಯಾಗಲು ಹೇಗೂ ಎಂಟು ಹತ್ತು ನಡೆ ಬೇಕು. ಅಷ್ಟರೊಳಗೆ ಒಂಟೆಯನ್ನು ಕರ್ಣರೇಖೆಯ ತುದಿಯಲ್ಲಿ ಕೂರಿಸಿ, ದೂರದಿಂದಲೇ ಹಲಗೆಯ ಈ ತುದಿಯಿಂದ ಆ ತುದಿಗೆ ಕಣ್ಣಿಟ್ಟುಕೊಂಡಿರಬಹುದು. ಇಟಾಲಿಯನ್ನರು ಈ ಕೂರಿಸುವಿಕೆಗೆ ಫಿಯಾಂಕೆಟ್ಟೊ ಎಂದರು. ನಮ್ಮವರು ಹೆಸರಿಡಲಿಲ್ಲ, ಆಡಿದರು.

ಐಎಂಟಿ ಮಾನೇಸರ್‌ನ ಕಾರ್ಖಾನೆಗಳಲ್ಲಿ ದುಡಿಯುವವರು ಹೆಚ್ಚಾಗಿ ಇರುವುದು ಕಾಸನ್, ಅಲಿಯರ್, ನಹರ್‌ಪುರ್ ಹಳ್ಳಿಗಳ ಬಾಡಿಗೆ ಕೋಣೆಗಳಲ್ಲಿ. ಭಾನುವಾರ ಅಲ್ಲಿ ಚಹಾ ಅಂಗಡಿಯ ಬೆಂಚಿನ ಮೇಲೆ ಇಸ್ಪೀಟಿನ ಜೊತೆ ಶತರಂಜೂ ಕಾಣುತ್ತದೆ. ಅಂಥ ಒಂದು ಬೆಂಚಿನಲ್ಲಿ ಬಿಹಾರದ ಹಿರಿಯರೊಬ್ಬರು ಹುಡುಗನೊಬ್ಬನ ಕೈ ತಡೆದು, 'ಹಮಾರೇ ಗಾಂವ್ ಮೇ ಪ್ಯಾದಾ ಏಕ್ ಹೀ ಘರ್ ಚಲ್ತಾ ಹೈ' ಎಂದಿದ್ದನ್ನು ನಾನು ಕೇಳಿದ್ದೇನೆ. ಹುಡುಗ ಮೊಬೈಲ್ ತೋರಿಸಿದ. ಆ್ಯಪಿನಲ್ಲಿ ಎರಡು ಮನೆ ಹೋಗುತ್ತದೆ ಚಾಚಾ, ಅದೇ ಸರಿ ಎಂದ. ಹಿರಿಯರು ನಕ್ಕು ಬಿಟ್ಟುಕೊಟ್ಟರು. ಧಾರವಾಡದ ಕಡೆಯ ನನ್ನ ಅಜ್ಜನೂ ಪ್ಯಾದೆ ಎಂದೇ ಕರೆಯುತ್ತಿದ್ದರು, ಒಂದೊಂದೇ ಮನೆ ನಡೆಸುತ್ತಿದ್ದರು. ಮಾನೇಸರ್ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಜೈಪುರ, ಮುಂಬೈ, ಪುಣೆ ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ಹಿಡಿದು ಬೆಂಗಳೂರಿಗೆ, ಅಲ್ಲಿಂದ ಚೆನ್ನೈಗೆ ಹೋಗುತ್ತದೆ. ಆ ರಸ್ತೆಯುದ್ದಕ್ಕೂ ಒಂದು ಕಾಲದಲ್ಲಿ ಕಾಲಾಳಿನ ನಡಿಗೆ ಹೆಚ್ಚುಕಡಿಮೆ ಒಂದೇ ಇತ್ತು ಎಂದು ಯೋಚಿಸಿದರೆ ಈ ಊರು ಅಷ್ಟು ಪರಕೀಯ ಅನಿಸುವುದಿಲ್ಲ.

ಕಲ್ಕತ್ತೆಯ ಮಹೇಶಚಂದ್ರ

ಕಾಕ್ರೇನ್ ಕಲ್ಕತ್ತೆಗೆ ಮರಳಿದ ಮೇಲೆ ಅವರಿಗೆ ಸರಿಸಮನಾಗಿ ಕೂರಬಲ್ಲ ಬಿಳಿಯರು ಅಲ್ಲಿ ಇರಲಿಲ್ಲ. ಆಗ ಸಿಕ್ಕಿದವರು ಬಂಗಾಳದ ಹಳ್ಳಿಗಾಡಿನ ಬ್ರಾಹ್ಮಣ ಮಹೇಶಚಂದ್ರ ಬ್ಯಾನರ್ಜಿ. ಇಂಗ್ಲಿಷ್ ಪತ್ರಿಕೆಗಳು ಅವರ ಹೆಸರನ್ನು ಮೊಹೇಶ್‌ಚುಂದರ್ ಎಂದೆಲ್ಲ ತಮಗೆ ತೋಚಿದಂತೆ ಬರೆದವು, ಕೆಲವೊಮ್ಮೆ ಬರಿದೆ 'ಆ ಬ್ರಾಹ್ಮಣ' ಎಂದವು. ದೇಸಿ ಚದುರಂಗದಲ್ಲಿ ಪಳಗಿದ ಅವರು ಯೂರೋಪಿನ ನಿಯಮ ಕಲಿತು 1848ರ ಹೊತ್ತಿನಿಂದ ಕಾಕ್ರೇನ್ ಜೊತೆ ವರ್ಷಗಟ್ಟಲೆ ಆಡಿದರು. ಆಡಿದ ನೂರಾರು ಆಟಗಳು ಇಂದಿಗೂ ಉಳಿದಿವೆ. ಸೋಲು ಹೆಚ್ಚು, ಗೆಲುವೂ ಕಡಿಮೆಯೇನಲ್ಲ.

1855ರ ಮೇ ತಿಂಗಳಿನ ಒಂದು ಆಟವನ್ನು ನೋಡಿ. ಕಾಕ್ರೇನ್ ಬಿಳಿ, ಮಹೇಶಚಂದ್ರ ಕಪ್ಪು. ಕಾಕ್ರೇನ್ ಡಿ ಮತ್ತು ಸಿ ಸಾಲಿನ ಕಾಲಾಳುಗಳನ್ನು ಎರಡೆರಡು ಮನೆ ನುಗ್ಗಿಸಿದರು. ಮಹೇಶಚಂದ್ರ ಕುದುರೆಯನ್ನು ಎಫ್6ಕ್ಕೆ ತಂದು, ಜಿ ಕಾಲಾಳನ್ನು ಒಂದು ಮನೆ ಸರಿಸಿ, ಮೂರನೆಯ ನಡೆಯಲ್ಲಿ ಡಿ ಕಾಲಾಳನ್ನು ನಡುಹಲಗೆಗೆ ಎಸೆದರು. ಒಂಟೆ ಜಿ7ರಲ್ಲಿ ಕೂತಿತು. ಬಿಳಿಯ ಕಾಲಾಳುಗಳು ನಡುವೆ ದೊಡ್ಡ ಗೋಡೆ ಕಟ್ಟಿದವು. ಆ ಗೋಡೆಯ ಬುಡಕ್ಕೆ ಮೂಲೆಯ ಒಂಟೆ ಗುರಿಯಿಟ್ಟಿತು, ಸಿ ಸಾಲಿನಿಂದ ಕಾಲಾಳು ಬಂದು ಗೋಡೆಗೆ ಡಿಕ್ಕಿ ಹೊಡೆಯಿತು. ಇಂದು ಇದನ್ನು ಆಡಿದರೆ ಯಾವ ಹುಡುಗನೂ ಹೇಳುತ್ತಾನೆ, ಇದು ಗ್ರುನ್‌ಫೆಲ್ಡ್ ಡಿಫೆನ್ಸ್ ಎಂದು. ಅರ್ನ್ಸ್ಟ್ ಗ್ರುನ್‌ಫೆಲ್ಡ್ ವಿಯೆನ್ನಾದವರು. ಅವರು ಇದನ್ನು ಪ್ರಸಿದ್ಧಗೊಳಿಸಿದ್ದು 1922ರಲ್ಲಿ, ಅಂದರೆ ಕಲ್ಕತ್ತೆಯ ಆಟದ 67 ವರ್ಷಗಳ ನಂತರ.

ಆ ಆಟ ಮಹೇಶಚಂದ್ರ ಗೆದ್ದ ಆಟವಲ್ಲ ಎಂಬುದನ್ನೂ ಹೇಳಲೇಬೇಕು. ನಡು ಆಟದಲ್ಲಿ ಕಾಕ್ರೇನ್ ಕುದುರೆಯನ್ನು ಎಫ್7ಕ್ಕೆ ಹೊಡೆದು ನುಗ್ಗಿಸಿದರು. ಮಹೇಶಚಂದ್ರ ಬಿಳಿಯ ಮಂತ್ರಿಯ ಮೇಲೆ ಕಣ್ಣಿಟ್ಟು ಕುದುರೆಯನ್ನು ಎ5ಕ್ಕೆ ಇಟ್ಟರು. ಅಲ್ಲಿಗೆ ಮುಗಿಯಿತು. ಜೋಡಿ ಚೆಕ್, ಮಂತ್ರಿಯ ಬಲಿ, ತನ್ನದೇ ಕಾಯಿಗಳ ನಡುವೆ ಉಸಿರುಗಟ್ಟಿದ ರಾಜನಿಗೆ ಕುದುರೆಯ ಮೇಟ್, ಎಲ್ಲವೂ ಮೂರೇ ನಡೆಯಲ್ಲಿ. ಆರಂಭದಲ್ಲಿ ಕಾಲಕ್ಕಿಂತ ಎಷ್ಟೋ ಮುಂದಿದ್ದವರು ಕೊನೆಯಲ್ಲಿ ಒಂದು ನಡೆ ಹಿಂದೆ ಬಿದ್ದರು. ಆದರೂ ಆ ಸೋಲು ಬರಹದಲ್ಲಿ ಉಳಿಯಿತು. ಕಾಕ್ರೇನ್‌ಗೆ ಆಟ ಬರೆದಿಡುವ ಅಭ್ಯಾಸವಿತ್ತು, ಲಂಡನ್ನಿನ ಚೆಸ್ ಪತ್ರಿಕೆಗಳಿಗೆ ಕಳಿಸುವ ಅಭ್ಯಾಸವೂ ಇತ್ತು. ಮಹೇಶಚಂದ್ರ ಹುಟ್ಟಿದ್ದು ಯಾವಾಗ, ಗುರು ಯಾರು ಎಂಬುದಕ್ಕೆ ಪುಸ್ತಕಗಳಲ್ಲಿ ಜಾಗವಿಲ್ಲ. ಅವರ ನಡೆಗಳಿಗೆ ಮಾತ್ರ ಜಾಗ ಸಿಕ್ಕಿತು.

ಕಲ್ಯಾಣ, ಮೈಸೂರು

ಕನ್ನಡ ನಾಡಿನಲ್ಲಿ ಚದುರಂಗದ ಬರಹಕ್ಕೆ ಕೊರತೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ರಾಜ್ಯ ಗಳಿಸುವುದರಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಎಲ್ಲವೂ ಉಂಟು, ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು. ಕ್ರೀಡೆಗಳಿಗೆ ಮೀಸಲಾದ ಕೊನೆಯ ಭಾಗದಲ್ಲಿ ಚದುರಂಗವೂ ಇದೆ. ಕುದುರೆಯೊಂದನ್ನು ಹಲಗೆಯ ಒಂದೊಂದು ಮನೆಗೂ ಒಂದೊಂದೇ ಸಲ ಓಡಿಸುವ ಸಮಸ್ಯೆಯನ್ನೂ ಅದು ಎತ್ತಿಕೊಳ್ಳುತ್ತದೆ. ಇಂದಿನ ಬಸವಕಲ್ಯಾಣದಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆ ಒಬ್ಬ ಅರಸ ಈ ಆಟವನ್ನು ರಾಜನೀತಿಯ ಪಕ್ಕದಲ್ಲೇ ಕೂರಿಸಿದ್ದ.

ಇನ್ನೊಬ್ಬರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ, ಟಿಪ್ಪು ಮಡಿದ ಮೇಲೆ ಐದು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅರಸು ಪದವಿ ಉಳಿಯಿತು, ಅಧಿಕಾರ ಹೋಯಿತು. 1868ರಲ್ಲಿ ತೀರಿಕೊಳ್ಳುವವರೆಗಿನ ಆ ಮೂವತ್ತೇಳು ವರ್ಷ ಅವರು ರಾಜ್ಯ ಮರಳಿ ಕೊಡಿ ಎಂದು ಕೇಳುತ್ತಲೇ ಇದ್ದರು. ಜೊತೆಗೆ ಪಂಡಿತರನ್ನು, ಚಿತ್ರಕಾರರನ್ನು ಸೇರಿಸಿಕೊಂಡು ಗ್ರಂಥ ಮಾಡಿಸಿದರು. ಒಂಬತ್ತು ನಿಧಿಗಳ 'ಶ್ರೀತತ್ತ್ವನಿಧಿ'ಯ ಒಂದು ನಿಧಿ ಆಟಗಳದು. ಹಲಗೆಯಾಟಗಳು, ಗಂಜೀಫದ ಎಲೆಗಳು, ಕುದುರೆ ನಡೆಯ ಬಂಧಗಳು ಅವರ ಆಸ್ಥಾನದಲ್ಲಿ ಬೆಳೆದವು. ಚೆಸ್ ಚರಿತ್ರೆ ಬರೆದ ಎಚ್.ಜೆ.ಆರ್. ಮರ್ರೆ ಕೂಡ ಮೈಸೂರಿನ ಈ ದೊರೆಯನ್ನು ನೆನೆಯುತ್ತಾರೆ.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. 1855ರಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ರಿಟಿಷ್ ಬ್ಯಾರಿಸ್ಟರ್ ಎದುರು ಒಂಟೆಯನ್ನು ಮೂಲೆಗೆ ಕೂರಿಸುತ್ತಿದ್ದಾಗ, ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರ್ ರಾಜ್ಯವಾಳುತ್ತಿದ್ದ, ಮುಮ್ಮಡಿಯವರು ಅರಮನೆಯಲ್ಲಿ ಕುದುರೆಗೆ ಅರವತ್ನಾಲ್ಕು ಮನೆಗಳ ದಾರಿ ಹುಡುಕುತ್ತಿದ್ದರು. ಕುದುರೆ ಬಂಧದಲ್ಲಿ ಎದುರಾಳಿ ಇಲ್ಲ. ಅಲ್ಲಿ ಒಂದೇ ಕಾಯಿ, ಇಡೀ ಹಲಗೆ ಅದರದೇ. ಅಧಿಕಾರ ಕಳೆದುಕೊಂಡ ಅರಸನಿಗೆ ಅದು ಹೇಗೆ ಹಿಡಿಸಿತೋ ಊಹಿಸಬಹುದು. ನಮಗಾದ ನಷ್ಟ ಬೇರೆ. ಅರಮನೆಯಲ್ಲಿ ಬಂಧಗಳು ಚಿತ್ರವಾಗಿ, ಗ್ರಂಥವಾಗಿ ಉಳಿದವು. ಇಬ್ಬರು ಎದುರುಬದುರು ಕೂತು ಆಡಿದ ಆಟಗಳನ್ನು ನಡೆ ನಡೆಯಾಗಿ ಬರೆದಿಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಮೈಸೂರಿನಲ್ಲೂ ಒಬ್ಬ ಮಹೇಶಚಂದ್ರ ಇದ್ದಿರಬಹುದು. ಎದುರಿಗೆ ಕಾಕ್ರೇನ್ ಇರಲಿಲ್ಲ.

ಯಾರದೋ ಮಾತಿನಲ್ಲಿ ಸುಲ್ತಾನ್ ಖಾನ್

ಬರೆದಿಟ್ಟದ್ದು ಬೇರೆಯವರಾದರೆ ಕಥೆ ಹೇಗೆ ತಿರುಗುತ್ತದೆ ಎಂಬುದಕ್ಕೆ ಮೀರ್ ಸುಲ್ತಾನ್ ಖಾನ್ ಸಾಕ್ಷಿ. ಪಂಜಾಬಿನ ಮಿಠಾ ಟಿವಾನಾದವರು. ದೇಸಿ ಚದುರಂಗದಲ್ಲಿ ಬೆಳೆದವರು. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಆಶ್ರಯದಲ್ಲಿ ಯೂರೋಪಿನ ನಿಯಮ ಕಲಿತು, 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆಗಿ, 1929ರಲ್ಲಿ ಲಂಡನ್‌ಗೆ ಹೋದರು. ಹೋದ ವರ್ಷವೇ ಬ್ರಿಟಿಷ್ ಚಾಂಪಿಯನ್. 1932, 1933ರಲ್ಲಿ ಮತ್ತೆ. ಮೂರು ಒಲಿಂಪಿಯಾಡ್‌ಗಳಲ್ಲಿ ಇಂಗ್ಲೆಂಡಿನ ಮೊದಲ ಹಲಗೆಯಲ್ಲಿ ಕೂತರು. 1933ರ ಕೊನೆಗೆ ಆಶ್ರಯದಾತರ ಜೊತೆ ಮರಳಿದವರು ಮತ್ತೆ ಯೂರೋಪಿಗೆ ಹೋಗಲಿಲ್ಲ. 1966ರಲ್ಲಿ ಪಾಕಿಸ್ತಾನದಲ್ಲಿ ತೀರಿಕೊಂಡರು.

1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಅವರು ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು 65 ನಡೆಗಳಲ್ಲಿ ಸೋಲಿಸಿದರು. ಆ ಆಟದ ಆರಂಭವನ್ನು ಗಮನಿಸಿ. ಬಿ ಸಾಲಿನ ಕಾಲಾಳನ್ನು ಒಂದು ಮನೆ ಸರಿಸಿ ಒಂಟೆಯನ್ನು ಮೂಲೆಗೆ ಕೂರಿಸಿದವರು ಸುಲ್ತಾನ್ ಖಾನ್ ಅಲ್ಲ, ಕ್ಯೂಬಾದ ಕಾಪಾಬ್ಲಾಂಕಾ. ಆ ಆರಂಭದ ಹೆಸರು ಕ್ವೀನ್ಸ್ ಇಂಡಿಯನ್. ಭಾರತದಿಂದ ಬಂದವನ ಎದುರು ಯೂರೋಪಿನ ಪುಸ್ತಕ ಓದಿದವನು ಭಾರತದ ಹೆಸರಿನ ಆಟ ಆಡಿ ಸೋತ.

ಪಶ್ಚಿಮದ ಪುಸ್ತಕಗಳು ಸುಲ್ತಾನ್ ಖಾನರನ್ನು ಸೇವಕ, ಅನಕ್ಷರಸ್ಥ ಪ್ರತಿಭೆ ಎಂದು ಬಣ್ಣಿಸುತ್ತ ಬಂದವು. 2020ರಲ್ಲಿ ಅವರ ಬಗ್ಗೆ ಇಂಗ್ಲಿಷಿನಲ್ಲಿ ಹೊಸ ಪುಸ್ತಕ ಬಂದಾಗ ಅವರ ಕುಟುಂಬದವರೇ ಇದನ್ನು ಬಲವಾಗಿ ಅಲ್ಲಗಳೆದರು. ಅವರು ಆಳಾಗಿರಲಿಲ್ಲ, ಓದುಬರಹ ಬಲ್ಲವರಾಗಿದ್ದರು ಎಂದರು. ಜೀವನವಿಡೀ ಯಾವ ಪಟ್ಟವೂ ಸಿಗದ ಅವರಿಗೆ ವಿಶ್ವ ಚೆಸ್ ಒಕ್ಕೂಟ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟದ್ದು 2024ರಲ್ಲಿ, ತೀರಿಕೊಂಡ 58 ವರ್ಷಗಳ ಮೇಲೆ.

ಮೂಲೆಯೇ ನಡು ಎಂದು ಯೂರೋಪ್ ಒಪ್ಪಿದ್ದು

ನಡುವೆ ಯೂರೋಪಿನಲ್ಲಿ ಏನಾಗಿತ್ತು? ಮೊದಲ ಮಹಾಯುದ್ಧದ ನಂತರ ನಿಮ್ಜೋವಿಚ್, ರೇಟಿ, ಗ್ರುನ್‌ಫೆಲ್ಡ್, ಟಾರ್ಟಕೋವರ್ ಮೊದಲಾದವರು ಹಳೆಯ ನಂಬಿಕೆಯನ್ನು ಪ್ರಶ್ನಿಸಿದರು. ನಡುಹಲಗೆಯನ್ನು ಕಾಲಾಳುಗಳಿಂದ ತುಂಬಲೇಬೇಕೆ? ದೂರದಿಂದ ಕಾಯಿಗಳ ಮೂಲಕ ಹಿಡಿತ ಸಾಧಿಸಿದರೆ ಸಾಲದೆ? ಎದುರಾಳಿ ಗೋಡೆ ಕಟ್ಟಲಿ, ಆ ಗೋಡೆಯೇ ಅವನಿಗೆ ಹೊರೆಯಾಗಲಿ. ಈ ಪಂಥಕ್ಕೆ ಹೈಪರ್‌ಮಾಡರ್ನ್, ಅಂದರೆ ಅತ್ಯಾಧುನಿಕ ಎಂಬ ಹೆಸರು ಬಿತ್ತು. 1924ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೂರ್ನಿಯಲ್ಲಿ ರೇಟಿ ಇಂಥದೇ ಪಕ್ಕದ ದಾರಿಯಿಂದ ಬಂದು, ಎಂಟು ವರ್ಷ ಸೋಲು ಕಾಣದಿದ್ದ ಕಾಪಾಬ್ಲಾಂಕಾರನ್ನು ಮಣಿಸಿದಾಗ ಜಗತ್ತು ಬೆರಗಾಯಿತು. ಹಿಂದೆ 'ಅಕ್ರಮ ಆರಂಭ' ಎಂದು ಪುಸ್ತಕದ ಕೊನೆಯ ಪುಟಗಳಿಗೆ ತಳ್ಳಿದ್ದ ಆಟಗಳೆಲ್ಲ ಮುಂದಿನ ಪುಟಗಳಿಗೆ ಬಂದವು. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೋ ಇಂಡಿಯನ್ ಎಂಬ ಹೆಸರುಗಳು ಸ್ಥಿರವಾದವು.

ಹಾಗಾದರೆ ಯೂರೋಪ್ ನಮ್ಮಿಂದ ಕದ್ದಿತೆ? ಇಲ್ಲ. ನಿಮ್ಜೋವಿಚ್ ಆ ಆಲೋಚನೆಯನ್ನು ತನ್ನ ದಾರಿಯಲ್ಲಿ ತಾನೇ ಕಂಡುಕೊಂಡ, ವಾದಿಸಿದ, ಪುಸ್ತಕ ಬರೆದ. ಮಹೇಶಚಂದ್ರರಿಗೆ ಅದು ಸಿದ್ಧಾಂತವಾಗಿರಲಿಲ್ಲ, ಬಾಲ್ಯದಿಂದ ಬಂದ ಕೈರೂಢಿಯಾಗಿತ್ತು. ಎರಡು ಬೇರೆ ಬೇರೆ ದಾರಿಗಳು ಒಂದೇ ಮನೆಗೆ ಬಂದವು. 'ಇಂಡಿಯನ್' ಎಂಬ ಹೆಸರು ಅಂಟಿಕೊಂಡದ್ದಕ್ಕೆ ಕಾರಣ ಮಾತ್ರ ಕಲ್ಕತ್ತೆಯ ಆ ದಾಖಲೆಗಳು. ದಾಖಲೆ ಇರದಿದ್ದರೆ ಈ ಆರಂಭಗಳಿಗೆ ವಿಯೆನ್ನಾದ್ದೋ ಬರ್ಲಿನ್‌ದೋ ಹೆಸರು ಬಿದ್ದಿರುತ್ತಿತ್ತು.

ಕನ್ನಡಿ ಒಡೆದ ಬಗೆ

ಈಗ ಮತ್ತೆ ರೇಕ್ಯಾವಿಕ್‌ಗೆ. ಫಿಷರ್ ಅದುವರೆಗೆ ಬಹುಪಾಲು ಇ ಸಾಲಿನ ಕಾಲಾಳನ್ನೇ ನಂಬಿ ಬದುಕಿದವರು. ಆ ಪಂದ್ಯದ ಆರನೆಯ ಆಟದಲ್ಲಿ ಸಿ ಸಾಲಿನಿಂದ ಹೊರಟು ಎಲ್ಲರನ್ನೂ ಬೆಚ್ಚಿಬೀಳಿಸಿದ್ದರು. ಎಂಟನೆಯ ಆಟಕ್ಕೆ ಮೊದಲು ಅಂಕ ಫಿಷರ್ 4, ಸ್ಪಾಸ್ಕಿ 3.

ಕನ್ನಡಿ ಆಟದಲ್ಲಿ ಒಂದು ಸರಳ ಸತ್ಯವಿದೆ. ಎಷ್ಟೇ ನಕಲು ಮಾಡಿದರೂ ಮೊದಲು ಹೊಡೆಯುವ ಅವಕಾಶ ಬಿಳಿಗೇ ಇರುತ್ತದೆ. ಏಳನೆಯ ನಡೆಯಲ್ಲಿ ಫಿಷರ್ ಡಿ ಕಾಲಾಳನ್ನು ಎರಡು ಮನೆ ನುಗ್ಗಿಸಿ ಕನ್ನಡಿ ಒಡೆದರು. ಕಾಲಾಳು, ಕುದುರೆಗಳ ವಿನಿಮಯವಾಯಿತು. ಸಿ ಸಾಲು, ಡಿ ಸಾಲು ಅರ್ಧ ತೆರವಾದವು. ಜಿ2ರಲ್ಲಿ ಕೂತಿದ್ದ ಬಿಳಿಯ ಒಂಟೆಗೆ ಬಿ7ರವರೆಗೆ ದಾರಿ ನಿಚ್ಚಳವಾಯಿತು. ಅದು ಮುಂದಿನ ಹತ್ತು ನಡೆ ಅಲುಗಾಡಲೇ ಇಲ್ಲ.

ಹದಿನೈದನೆಯ ನಡೆಯಲ್ಲಿ ಫಿಷರ್ ಇನ್ನೊಂದು ಒಂಟೆಯನ್ನು ಇ3ಕ್ಕೆ ಹಿಂದೆಗೆದರು. ನೋಡಲು ಸಾಧು ನಡೆ. ಸ್ಪಾಸ್ಕಿ ತಮ್ಮ ಯೋಜನೆಯಂತೆ ಬಿ ಕಾಲಾಳನ್ನು ಎರಡು ಮನೆ ಮುಂದಿಟ್ಟರು. ಫಿಷರ್ ಇ3ರ ಒಂಟೆಯನ್ನು ನೇರ ಎ7ಕ್ಕೆ ತಂದು ಬಿ8ರಲ್ಲಿದ್ದ ಆನೆಯ ಮೇಲೆ ಹಾಕಿದರು. ಆನೆಗೆ ಓಡಲು ಜಾಗವೆಲ್ಲಿ? ಒಂದು ಪಕ್ಕ ತಮ್ಮದೇ ಇನ್ನೊಂದು ಆನೆ ಅಡ್ಡ. ಬಿ6ಕ್ಕೆ ಹೋದರೆ ಎ7ರ ಒಂಟೆಯೇ ನುಂಗುತ್ತದೆ. ಬಿ7ಕ್ಕೆ ಹೋದರೆ, ಎ8ಕ್ಕೆ ಹೋದರೆ? ಆ ಎರಡೂ ಮನೆಗಳು ಹಲಗೆಯ ಇನ್ನೊಂದು ತುದಿಯಲ್ಲಿ ಸುಮ್ಮನೆ ಕೂತಿರುವ ಜಿ2ರ ಒಂಟೆಯ ಕರ್ಣರೇಖೆಯ ಮೇಲಿವೆ. ಆನೆ ಸಿಕ್ಕಿಬಿತ್ತು. ದಾಳಿ ಮಾಡಿದ್ದು ಒಂದು ಒಂಟೆ, ಬಾಗಿಲು ಹಾಕಿದ್ದು ಮೂಲೆಯ ಒಂಟೆ. ಐದನೆಯ ನಡೆಯಲ್ಲಿ ಬಂದು ಕೂತದ್ದಕ್ಕೆ ಹದಿನಾರನೆಯ ನಡೆಯಲ್ಲಿ ಫಲ ಸಿಕ್ಕಿತು.

ಸ್ಪಾಸ್ಕಿ ಆನೆ ಕೊಟ್ಟು ಒಂಟೆ ಪಡೆದರು, ಜೊತೆಗೊಂದು ಕಾಲಾಳು ಗಳಿಸಿದರು. ಬೇಕೆಂದೇ ಬಲಿ ಕೊಟ್ಟರೋ ಕಣ್ಣು ತಪ್ಪಿತೋ ಎಂದು ಆಗ ಚರ್ಚೆಯಾಯಿತು. ಆದರೆ ಹತ್ತೊಂಬತ್ತನೆಯ ನಡೆಯಲ್ಲಿ ಅವರು ಕುದುರೆಯನ್ನು ಡಿ7ಕ್ಕೆ ಸರಿಸಿದ್ದು ಖಚಿತವಾಗಿ ತಪ್ಪು. ಫಿಷರ್ ಕುದುರೆ ಡಿ5ಕ್ಕೆ ಜಿಗಿಯಿತು, ಮಂತ್ರಿಗಳ ವಿನಿಮಯದ ನಡುವೆಯೇ ಚೆಕ್ ಕೊಟ್ಟು ಇ7ರ ಕಾಲಾಳನ್ನು ಕಿತ್ತುಕೊಂಡಿತು. 37ನೆಯ ನಡೆಯಲ್ಲಿ ಸ್ಪಾಸ್ಕಿ ಸೋಲೊಪ್ಪಿದರು. ಅಂಕ 5–3. ಸೆಪ್ಟೆಂಬರ್ 1ಕ್ಕೆ 12.5–8.5 ಅಂಕಗಳಿಂದ ಫಿಷರ್ ವಿಶ್ವ ಚಾಂಪಿಯನ್ ಆದರು.

ಚೆನ್ನೈಗೆ ಹೋದ ದಾರಿ

ಅದೇ 1972ರಲ್ಲಿ ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ಶುರುವಾಯಿತು. ಹಿಂದೆ ನಿಂತವರು ಮ್ಯಾನ್ಯುಯೆಲ್ ಆ್ಯರನ್, 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದವರು. ರಷ್ಯನ್ ಪುಸ್ತಕಗಳು, ಪತ್ರಿಕೆಗಳು, ಸಂಜೆಯಿಡೀ ಆಡಲು ಜೊತೆಗಾರರು, ಇಷ್ಟು ಅಲ್ಲಿ ಸಿಕ್ಕಿದವು. ಆ ಕ್ಲಬ್ಬಿನಲ್ಲಿ ಆಡಿ ಬೆಳೆದ ಹುಡುಗ ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2000ದ ಕೊನೆಯಲ್ಲಿ ಫಿಡೆ ವಿಶ್ವ ಚಾಂಪಿಯನ್‌ಷಿಪ್ ನಮ್ಮ ದೆಹಲಿಯಲ್ಲಿ ನಡೆಯಿತು. ಫೈನಲ್ ಮಾತ್ರ ತೆಹರಾನ್‌ನಲ್ಲಿ, ಅಲ್ಲಿ ಡಿಸೆಂಬರ್ 24ರಂದು ಶಿರೋವ್ ವಿರುದ್ಧ ಗೆದ್ದು ಆನಂದ್ ವಿಶ್ವ ಚಾಂಪಿಯನ್ ಆದರು.

2013ರ ನವೆಂಬರ್ 9ರಂದು ಚೆನ್ನೈನಲ್ಲಿ ಆನಂದ್ ತಮ್ಮ ಪಟ್ಟ ಉಳಿಸಿಕೊಳ್ಳಲು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಕೂತರು. ಮೊದಲ ಆಟ. ಕಾರ್ಲ್‌ಸನ್ ಕುದುರೆ ತಂದು ಜಿ ಕಾಲಾಳನ್ನು ಒಂದು ಮನೆ ಸರಿಸಿದರು. ಆನಂದ್ ಕೂಡ ಜಿ ಕಾಲಾಳನ್ನು ಒಂದು ಮನೆ ಸರಿಸಿದರು. ಒಂಟೆಗಳು ಎದುರುಬದುರು ಮೂಲೆಗಳಲ್ಲಿ ಕೂತವು. 16 ನಡೆಗಳಲ್ಲಿ ಆಟ ಸಮವಾಯಿತು. ಮಹೇಶಚಂದ್ರರ ಕೈರೂಢಿ ಇಷ್ಟು ಹೊತ್ತಿಗೆ ನಾರ್ವೆಯವನ ರೂಢಿಯೂ ಆಗಿತ್ತು. ಪಟ್ಟ ಆ ಸಲ 6.5–3.5ರಿಂದ ಕಾರ್ಲ್‌ಸನ್ ಕೈಗೆ ಹೋಯಿತು.

ಮಾನಸೋಲ್ಲಾಸದ, ಮುಮ್ಮಡಿಯವರ ನಾಡಿಗೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ದೇಶದ 50ನೆಯವರು. ಆನಂದ್ ಆದ 29 ವರ್ಷಗಳ ಮೇಲೆ. ಆಮೇಲೆ ಶಿವಮೊಗ್ಗ ಕಡೆಯ ಜಿ.ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್ ಬಂದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ 76ನೆಯವರಾದರು. ಮೊದಲನೆಯವರಿಗೆ ಇಷ್ಟು ತಡವಾದದ್ದೇಕೆ ಎಂದರೆ ಉತ್ತರ ಬುದ್ಧಿಯಲ್ಲಿ ಇಲ್ಲ, ಪರಂಪರೆಯಲ್ಲೂ ಇಲ್ಲ. ಪರಂಪರೆ ನಮಗೆ ಚೆನ್ನೈಗಿಂತ ಕಡಿಮೆ ಇರಲಿಲ್ಲ. ಪಕ್ಕದೂರಿನಲ್ಲಿ ಒಂದು ಕೋಣೆ ಇತ್ತು, ದಿನಾ ಸಂಜೆ ತೆರೆಯುತ್ತಿತ್ತು, ಅಲ್ಲಿ ಆಡಿದ ಆಟವನ್ನು ಬರೆದುಕೊಂಡು ಮರುದಿನ ಮತ್ತೆ ನೋಡುತ್ತಿದ್ದರು. ಅಂಥ ಕೋಣೆಗಳು ನಮ್ಮಲ್ಲಿ ತಡವಾಗಿ ತೆರೆದವು.

'ಚೆಸ್ ಹುಟ್ಟಿದ್ದೇ ನಮ್ಮಲ್ಲಿ' ಎಂಬ ಮಾತು ವಾಟ್ಸಾಪ್‌ನಲ್ಲಿ ಬೇಕಾದಷ್ಟು ಓಡಾಡುತ್ತದೆ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಬಂಗಾಳದ ಒಬ್ಬ ಬಡ ಬ್ರಾಹ್ಮಣನಿಗೂ ಪಂಜಾಬಿನ ಸುಲ್ತಾನ್ ಖಾನ್‌ರಿಗೂ ಮಾಡುವ ಅನ್ಯಾಯ ಹಾಗೇ ಉಳಿಯುತ್ತದೆ. ಅವರು ಬೇರೆಯವರ ನಿಯಮ ಕಲಿತು, ಬೇರೆಯವರ ಕ್ಲಬ್ಬಿನಲ್ಲಿ ಕೂತು, ತಮ್ಮ ಕೈರೂಢಿಯನ್ನು ಬಿಡದೆ ಆಡಿದವರು. ಊರು ಬಿಟ್ಟು ಬಂದು ಇನ್ನೊಬ್ಬರ ಭಾಷೆಯಲ್ಲಿ ಕೆಲಸ ಮಾಡುವ ನಮಗೆ ಅದರ ಕಷ್ಟ ಸ್ವಲ್ಪವಾದರೂ ಗೊತ್ತು.

ಮುಂದಿನ ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಚದುರಂಗ ಆಡುವ ಹಿರಿಯರು ಯಾರಾದರೂ ಇದ್ದರೆ ಒಂದು ಆಟ ಆಡಿ ನೋಡಿ. ಕಾಲಾಳು ಎಷ್ಟು ಮನೆ ಹೋಗುತ್ತದೆ, ರಾಜ ಯಾವಾಗ ಜಿಗಿಯುತ್ತಾನೆ, ಕೊನೆ ಮುಟ್ಟಿದ ಕಾಲಾಳು ಏನಾಗುತ್ತದೆ ಎಂದು ಕೇಳಿ. ಮಾತಿಗೆ ಮಾತು ಬರೆದುಕೊಳ್ಳಿ, ನಡೆಗಳನ್ನೂ ಒಂದೊಂದಾಗಿ ಬರೆದುಕೊಳ್ಳಿ. ಬರೆದದ್ದನ್ನು ಇಲ್ಲಿಗೆ ಕಳಿಸಿ. ಸೋತ ಆಟವಾದರೂ ಅಡ್ಡಿಯಿಲ್ಲ. ಮಹೇಶಚಂದ್ರರ ಹೆಸರು ಇಂದಿಗೂ ಉಳಿದಿರುವುದು 1855ರ ಆ ಸೋತ ಆಟ ಕಾಗದದ ಮೇಲೆ ಇದ್ದುದರಿಂದಲೇ.